ಬೇಕಾದರೆ ನನ್ನ ಹೆಂಡತಿಯನ್ನೇ ಕೇಳಿ

ಗೋಚಾಂಗ್, ನದೀಮುಖ
ಮಾರ್ಚ್ 5, 1988

ಕುಮ್ಹಿಯ ಅಮ್ಮನಿಗೆ,

ನೀನು ಸಿಯೋಲ್‌ಗೆ ಹೋದ ಮೇಲೆ ಇಲ್ಲಿ ಎಲ್ಲರೂ ಕ್ಷೇಮ. ಎಲ್ಲರೂ ಅಂದರೆ ನಾನು, ನಾಯಿ ಮತ್ತು ತೊಟ್ಟಿಯಲ್ಲಿರುವ ಹಾವುಮೀನುಗಳು. ನಾಯಿ ನಿನ್ನ ರಬ್ಬರ್ ಚಪ್ಪಲಿಯ ಮೇಲೆ ತಲೆಯಿಟ್ಟು ಮಲಗುತ್ತದೆ. ನಾನು ಹಾಗೆಲ್ಲ ಮಾಡುವುದಿಲ್ಲ, ನನಗೆ ಮರ್ಯಾದೆ ಇದೆ.

ಇನ್ನು ಮೇಲೆ ಫೋನು ಮಾಡಬೇಡ. ಮೊನ್ನೆ ನೀನು ಮಾಡಿದಾಗ ಊರ ಮುಖಂಡ ಮೈಕಿನಲ್ಲಿ ಕೂಗಿದ್ದೇನು ಗೊತ್ತೆ? "ಹಾವುಮೀನು ಮಾಮ! ಹಾವುಮೀನು ಮಾಮ! ಸಿಯೋಲ್‌ನಿಂದ ಹೆಂಡ್ತಿ ಫೋನು! ಎಲ್ಲಿದ್ರೂ ಓಡಿ ಬಾ!" ನಾನು ಹೋಗುವಷ್ಟರಲ್ಲಿ ಅವನ ಮನೆ ಜಗಲಿಯ ಮೇಲೆ ಅರ್ಧ ಊರು ಕೂತಿತ್ತು. ಗಂಡ ಹೆಂಡಿರು ಏನು ಮಾತಾಡುತ್ತಾರೆಂದು ಕೇಳುವುದಕ್ಕೆ ಹುರಿಗಾಳು ಬೇರೆ ತಂದಿದ್ದರು. ಅದಕ್ಕೇ ಈ ಕಾಗದ. ನಾಲ್ಕನೆಯ ಕ್ಲಾಸಿನಲ್ಲಿ ನನ್ನ ಅಕ್ಷರ ನೋಡಿ ಮೇಷ್ಟ್ರೇ ಎದ್ದು ನಿಂತಿದ್ದರು. ಹೊಡೆಯುವುದಕ್ಕೆ ಎದ್ದದ್ದು ಎಂದು ಜನ ಹೇಳುತ್ತಾರೆ, ಅದು ಹೊಟ್ಟೆಕಿಚ್ಚು.

ಮೊಮ್ಮಗಳು ಹುಟ್ಟಿದ್ದು ಸಂತೋಷ. ಬಾಣಂತನದ ಇಪ್ಪತ್ತೊಂದು ದಿನ ಹದಿನಾರನೆಯ ತಾರೀಕಿಗೆ ಮುಗಿಯುತ್ತದೆ. ಹದಿನೇಳಕ್ಕೆ ಬಸ್ಸು ಹತ್ತು.

ನಿನ್ನೆ ಜೊಂಜು ಪಟ್ಟಣದಿಂದ ಮೂವರು ನಮ್ಮ ಹಾವುಮೀನಿನ ಊಟದಂಗಡಿಗೆ ಬಂದಿದ್ದರು. ಅವರಲ್ಲೊಬ್ಬ ಹೊಸದಾಗಿ ಮದುವೆಯಾದ ಬ್ಯಾಂಕಿನವನು. ಹಾವುಮೀನಿನ ಬಾಲದ ತುಂಡನ್ನು ಮೂಗಿನ ಹತ್ತಿರ ಹಿಡಿದು, "ಮಾಮ, ಇದು ತಿಂದ್ರೆ ರಾತ್ರಿಗೆ ನಿಜವಾಗ್ಲೂ ಬಲ ಬರ್ತದಾ?" ಅಂದ. "ನನಗೆ ಐವತ್ತೇಳು ಕಣಪ್ಪ. ಅನುಮಾನ ಇದ್ರೆ ನನ್ನ ಹೆಂಡ್ತೀನೇ ಕೇಳು" ಅಂದು ಅಭ್ಯಾಸಬಲದಿಂದ ಅಡುಗೆಯ ಕಿಂಡಿಯ ಕಡೆ ಕೈ ತೋರಿಸಿದೆ. ಅಲ್ಲಿ ನೀನೆಲ್ಲಿ! "ಎಲ್ಲಿ ಮಾಮ, ಸಾಕ್ಷಿ?" "ನನ್ನ ಕಾಟಕ್ಕೆ ಸುಸ್ತಾಗಿ ಮಗಳ ಮನೇಲಿ ಸುಧಾರಿಸಿಕೊಳ್ತಾ ಇದ್ದಾಳೆ!" ನಕ್ಕಿದ್ದೇ ನಕ್ಕಿದ್ದು. ಮತ್ತೆರಡು ತಟ್ಟೆ ತರಿಸಿಕೊಂಡರು.

ನೀನಿಲ್ಲದಿದ್ದರೂ ನಿನ್ನಿಂದ ವ್ಯಾಪಾರ ಆಗುತ್ತಿದೆ ನೋಡು.

ಕುಮ್ಹಿಯ ಅಪ್ಪ, ಮಾ ಪಾನ್‌ಸೊಕ್


ಸಿಯೋಲ್
ಮಾರ್ಚ್ 15, 1988

ಕುಮ್ಹಿಯ ಅಪ್ಪನಿಗೆ,

ಮಗು ಚೆನ್ನಾಗಿದೆ. ಕುಮ್ಹಿ ಮೂರು ಹೊತ್ತೂ ಕಡಲಸೊಪ್ಪಿನ ಸಾರು ಕುಡಿದು ಬೇಸತ್ತಿದ್ದಾಳೆ. ಅಳಿಯ ಒಳ್ಳೆಯ ಹುಡುಗ, ತನ್ನ ತಟ್ಟೆಯನ್ನು ತಾನೇ ತೊಳೆಯುತ್ತಾನೆ.

ಹದಿನೇಳಕ್ಕೆ ಬರಲು ಆಗುವುದಿಲ್ಲ. ನನಗೂ ಕೆಳಹೊಟ್ಟೆಯ ಕೆಳಗೆ ಸ್ವಲ್ಪ ಸರಿಯಿಲ್ಲ. ಹೊಸದೇನಲ್ಲ. ಇಲ್ಲಿ ಹತ್ತಿರದಲ್ಲೇ ಆಸ್ಪತ್ರೆ ಇದೆ, ತೋರಿಸಿಕೊಂಡು ಬರುತ್ತೇನೆ. ಗಾಬರಿಯಾಗಬೇಡಿ.

ಹಿತ್ತಲಿನ ದೊಡ್ಡ ಜಾಡಿಯ ಕಿಮ್ಚಿ ಹುಳಿಯಾಗಿರುತ್ತದೆ, ಮೊದಲು ಅದನ್ನು ಮುಗಿಸಿ. ಬಸ್ಸಿನವನ ಕೈಲಿ ಹಾವುಮೀನು ಕಳಿಸಬೇಡಿ. ಇಲ್ಲಿ ಯಾರಿಗೂ ಬೇಕಾಗಿಲ್ಲ.

ಬುನ್ರೆ


ಗೋಚಾಂಗ್
ಮಾರ್ಚ್ 21, 1988

ಕುಮ್ಹಿಯ ಅಮ್ಮನಿಗೆ,

ನಿನ್ನ ಕಾಗದ ಎರಡು ಸಲ ಓದಿದೆ. ನಾನು ಓದುಬರಹ ಕಡಿಮೆಯವನಿರಬಹುದು, ದಡ್ಡನಲ್ಲ. ಕೆಳಗೆ ಸರಿಯಿಲ್ಲ, ಹೊಸದಲ್ಲ, ಗಾಬರಿ ಬೇಡ. ಹೆಣ್ಣು ಇಷ್ಟು ಬರೆದರೆ ಗಂಡಸಾದವನಿಗೆ ಅರ್ಥವಾಗಬೇಕು. ನನಗೆ ಆಯಿತು.

ಬಾಯಿಬಿಟ್ಟು ಹೇಳುತ್ತೇನೆ, ಕಾಗದವನ್ನು ಒಲೆಗೆ ಹಾಕಿಬಿಡು. ಕಳೆದ ಚಳಿಗಾಲದಲ್ಲಿ ಎರಡು ಸಲ ನನ್ನ ಕೈಲಾಗದೆ ಗೋಡೆಯ ಕಡೆ ತಿರುಗಿ ಮಲಗಿದೆ. ನೀನು ಒಂದು ಮಾತೂ ಆಡಲಿಲ್ಲ. ಹೊದಿಕೆ ಮೇಲೆಳೆದು ಹೊದಿಸಿದೆ, ಅಷ್ಟೆ. ಆ ದೊಡ್ಡತನ ನೆನೆಸಿಕೊಂಡರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ. ಹೆಂಗಸಿನ ಮೈ ಹಸಿದಿದ್ದರೆ ಕೆಳಗೆ ನೋವು ಕೂರುತ್ತದೆ ಎಂದು ಔಷಧಿ ಅಂಗಡಿಯ ಮುದುಕನೂ ಹೇಳಿದ. ನಿನ್ನ ಹೆಸರು ಹೇಳಲಿಲ್ಲ, ಗೆಳೆಯನ ಹೆಂಡತಿಗೆ ಅಂದೆ. "ಯಾವ ಗೆಳೆಯ? ನಿನ್ನ ಹಲ್ಲು ನಿನ್ನ ಮೂಗು ಇರೋ ಗೆಳೆಯನಾ?" ಅಂದು ಕಳ್ಳ ನಕ್ಕ. ನಕ್ಕರೂ ಬೇರುಗಳನ್ನು ಕಟ್ಟಿಕೊಟ್ಟ.

ಈಗ ದಿನವೂ ಮುಂಜಾನೆ ಹಾವುಮೀನಿನ ತಲೆ ಬೇಯಿಸಿದ ಗಂಜಿ, ಮಧ್ಯಾಹ್ನ ಆಮೆಯ ಸಾರು, ಸಂಜೆ ಕಪ್ಪು ಕಾಡುಹಣ್ಣಿನ ಮದ್ಯ ಒಂದು ಬಟ್ಟಲು. ನಿನಗಾಗಿ ಇಷ್ಟು ಕಹಿ ಕುಡಿಯುತ್ತಿದ್ದೇನೆ. ಇಪ್ಪತ್ತೈದರ ಹುಡುಗನಾಗಿ ಬಿಟ್ಟಿದ್ದೇನೆ ಕಣೇ. ಮೊನ್ನೆ ಉಪ್ಪಿನ ಮೂಟೆ ಎತ್ತಿದೆ, ಮುಖಂಡ ಬಾಯಿಬಿಟ್ಟುಕೊಂಡು ನೋಡಿದ.

ಬಾ. ಬಂದು ನೋಡು.

ನಿನ್ನವನು


ಸಿಯೋಲ್
ಏಪ್ರಿಲ್ 18, 1988

ಕುಮ್ಹಿಯ ಅಪ್ಪನಿಗೆ,

ಉತ್ತರ ತಡವಾಯಿತು. ಮೂರು ಸಲ ಬರೆದು ಹರಿದು ಹಾಕಿದೆ.

ಆ ಬೇರುಗಳ ಕಷಾಯ ಕುಡಿಯಬೇಡಿ. ನಿಮಗೆ ಹೊಟ್ಟೆ ಉರಿ ಇದೆ.

ನಮ್ಮ ಕುಮ್ಹಿಯ ವಿಷಯ ಬರೆಯುತ್ತೇನೆ. ಹೆರಿಗೆಯಾಗಿ ನಲವತ್ತು ದಿನ ಕಳೆದ ಮೇಲೆ ಒಂದು ಮುಂಜಾನೆ ಅಡುಗೆಮನೆಗೆ ಬಂದು, ಅಕ್ಕಿ ತೊಳೆಯುತ್ತಿದ್ದ ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತಳು. "ಅಮ್ಮ, ತುಂಬ ನೋಯ್ತದೆ. ಅವರು ಹತ್ರ ಬಂದ್ರೇ ಮೈಯೆಲ್ಲ ಮರದ ಹಾಗೆ ಆಗ್ತದೆ. ಎಲ್ರಿಗೂ ಹೀಗೇನಾ?" ಅಂದಳು.

ನನ್ನ ಅಮ್ಮನನ್ನು ನಾನೂ ಹೀಗೇ ಕೇಳಿದ್ದೆ. "ಎಲ್ರಿಗೂ ಹಾಗೇ, ಸಹಿಸ್ಕೋ" ಅಂದಿದ್ದಳು. ಅದನ್ನೇ ಹೇಳುವುದಕ್ಕೆ ನಾನು ಬಾಯಿ ತೆರೆದೆ. ಆದರೆ ಹೇಳದೆ, ತೊಳೆದ ಅಕ್ಕಿಯನ್ನೇ ಮತ್ತೆ ತೊಳೆದೆ. ಅವಳಿಗೆ ಉತ್ತರ ಹೇಳದೆ ಈ ಮನೆ ಬಿಟ್ಟು ಬರಲಾರೆ.

ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ಸಣ್ಣ ವಯಸ್ಸಿನವರು. ಕಾಗದದ ಮೇಲೆ ಚಿತ್ರ ಬರೆದು, ನಾಚಿಕೆಯಿಲ್ಲದೆ, ಮೀನಿನ ಅಂಗಾಂಗ ಹೇಳಿದ ಹಾಗೆ ಹೇಳಿದರು. ಹೆಣ್ಣಿನ ಮೈಗೆ ಬೇಕು ಅನ್ನಿಸಿದರೆ ಅದು ತಾನೇ ನೀರೂರಿ ಸಡಿಲವಾಗುತ್ತದಂತೆ. ಅದಕ್ಕೆ ಸಮಯ ಬೇಕಂತೆ, ಧೈರ್ಯ ಬೇಕಂತೆ. ಹೆದರಿಕೆ ಇದ್ದರೆ ಮೈ ತಾನಾಗಿ ಬಿಗಿದುಕೊಳ್ಳುತ್ತದೆ, ಕಣ್ಣಿಗೆ ದೂಳು ಬಂದರೆ ರೆಪ್ಪೆ ಮುಚ್ಚುವ ಹಾಗೆ. ಅದು ಹಟವಲ್ಲ. ಬಿಗಿದಾಗ ಬಲವಂತ ಮಾಡಿದರೆ ನೋವು, ನೋವಾದರೆ ಮುಂದಿನ ಸಲ ಇನ್ನಷ್ಟು ಬಿಗಿತ. ಕೆಲವು ಸಲ ಮೈ ನೆನೆದರೂ ಮನಸ್ಸು ಬಂದಿರುವುದಿಲ್ಲ, ಮನಸ್ಸಿದ್ದರೂ ಮೈ ಬಂದಿರುವುದಿಲ್ಲ. "ಎರಡನ್ನೂ ಕೇಳ್ಬೇಕಮ್ಮ" ಅಂದರು.

ಆಮೇಲೆ ನನ್ನ ಕಡೆ ತಿರುಗಿ, "ನಿಮಗೆ ಹೇಗೆ?" ಅಂದರು.

"ನನಗೆ ವಯಸ್ಸಾಯ್ತು ಬಿಡಿ."

"ವಯಸ್ಸು ಕೇಳಲಿಲ್ಲ ನಾನು. ನೋವಿದೆಯಾ? ಎಷ್ಟು ವರ್ಷದಿಂದ?"

ನಾನೇನು ಹೇಳಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ನನಗೂ ಒಂದು ಮುಲಾಮು ಕೊಟ್ಟಿದ್ದಾರೆ. ಈ ತಿಂಗಳು ಬರುವುದಿಲ್ಲ.

ಬುನ್ರೆ


ಗೋಚಾಂಗ್
ಏಪ್ರಿಲ್ 26, 1988

ಕುಮ್ಹಿಯ ಅಮ್ಮನಿಗೆ,

ಯಾವ ಡಾಕ್ಟರಮ್ಮ ಅದು? ಮದುವೆಯಾಗಿದೆಯೇ ಅವಳಿಗೆ? ಚಿತ್ರ ಬರೆದು ತೋರಿಸುತ್ತಾಳಂತೆ! ನಮ್ಮ ಊರಿನಲ್ಲಿ ಇಷ್ಟು ಹೆಂಗಸರಿದ್ದಾರೆ, ಒಬ್ಬಳಿಗಾದರೂ ಇಂಥ ಕಾಯಿಲೆ ಬಂದದ್ದುಂಟೇ? ಮಗಳಿಗೆ ಹೊಲಿಗೆ ಹಸಿ ಇದೆ, ಒಣಗಿದರೆ ಸರಿಹೋಗುತ್ತದೆ. ಅಳಿಯನಿಗೆ ಬೇಕಾದರೆ ನಾನೇ ಒಂದು ಮಾತು ಹೇಳುತ್ತೇನೆ. ಇದಕ್ಕೆ ಅತ್ತೆ ಅಲ್ಲಿ ಎರಡು ತಿಂಗಳು ಕೂರಬೇಕೇ?

ಮತ್ತೆ ನಿನಗೇನು ಕಡಿಮೆ ಮಾಡಿದ್ದೇನೆ? ಒಂದು ದಿನ ಕೈ ಎತ್ತಿದ್ದೇನೆಯೇ? ಕುಡಿದು ಬೇರೆ ಮನೆಯ ಬಾಗಿಲು ತಟ್ಟಿದ್ದೇನೆಯೇ? ಈ ಊರಿನ ಅರ್ಧ ಗಂಡಸರು ಹೋಗಿದ್ದಾರೆ, ನಾನು ಹೋಗಿಲ್ಲ. ನನಗೆ ನೀನೇ ಸಾಕಾಗಿದ್ದೆ. ನಿನಗೂ ನಾನು ಸಾಕಾಗಿದ್ದೆ ಎಂದು ನನಗೆ ಗೊತ್ತು. ಗೋಡೆಗಳು ತೆಳು, ಪಕ್ಕದ ಮನೆಯವರಿಗೂ ಗೊತ್ತು. ಮರುದಿನ ಅವರು ಕಣ್ಣು ಮಿಟುಕಿಸಿದರೆ ನಾನು ಎದೆ ಅಗಲಿಸಿ ಓಡಾಡಿದ್ದೇನೆ.

ಹೋದ ವಾರ ನಾನೇ ಮುಖಂಡನ ಮನೆಯಿಂದ ಫೋನು ಮಾಡಿದಾಗ ನೀನು ಬರೀ ಹೂಂ ಹೂಂ ಅಂದೆ. ಜಗಲಿಯ ಮೇಲಿದ್ದವರೆಲ್ಲ ನನ್ನ ಮುಖ ನೋಡುತ್ತಿದ್ದರು. ನೀನು ಫೋನು ಇಟ್ಟ ಮೇಲೂ ರಿಸೀವರ್ ಹಿಡಿದುಕೊಂಡು ಸ್ವಲ್ಪ ಹೊತ್ತು ನಗುತ್ತಾ ಮಾತಾಡಿದೆ. ಅವರು ನಂಬಿದರು.

ಹಾವುಮೀನಿನ ಕಾಲ ಶುರುವಾಗಿದೆ. ಕಿಂಡಿಯಲ್ಲಿ ಆಳು ಹೆಂಗಸನ್ನು ಕೂರಿಸಿದ್ದೇನೆ. ಅವಳಿಗೆ ಮಸಾಲೆ ಸವರುವುದಕ್ಕೂ ಬರುವುದಿಲ್ಲ. ಮೇ ಹತ್ತರೊಳಗೆ ಬಾ. ಬರದಿದ್ದರೆ ಯಾಕೆ ಎಂದು ನೆಟ್ಟಗೆ ಬರೆ. ಗಂಡಸಿನ ಹಾಗೆ ಕೇಳಿಸಿಕೊಳ್ಳುತ್ತೇನೆ.

ಪಾನ್‌ಸೊಕ್


ಸಿಯೋಲ್
ಮೇ 30, 1988

ಕುಮ್ಹಿಯ ಅಪ್ಪನಿಗೆ,

ನೆಟ್ಟಗೆ ಬರೆ ಅಂದಿರಿ. ಬರೆಯುತ್ತೇನೆ. ಕೂತು ಓದಿ.

ಎಷ್ಟು ವರ್ಷದಿಂದ ಎಂದು ಡಾಕ್ಟರಮ್ಮ ಕೇಳಿದಾಗ ನಾನು ಹೇಳಿದ್ದು, ಮೂವತ್ತೊಂದು. ಅವರು ಪೆನ್ನು ಕೆಳಗಿಟ್ಟರು.

ಮದುವೆಯ ಮೊದಲ ದಿನದಿಂದ. ಕುಮ್ಹಿ ಹುಟ್ಟಿದಾಗ ಸೂಲಗಿತ್ತಿ ಅಜ್ಜಿ ಹರಿದದ್ದನ್ನು ಹಾಗೇ ಬಿಟ್ಟಳು, ಆಮೇಲೆ ಇನ್ನೂ ಹೆಚ್ಚಾಯಿತು. ಮುಟ್ಟು ನಿಂತ ಮೇಲೆ, ಈ ಐದಾರು ವರ್ಷ, ಉಪ್ಪು ಸವರಿದ ಹಾಗೆ. ನೀವು ಅಂಗಡಿ ಮುಚ್ಚಿ ಕೈ ತೊಳೆಯುವ ಸದ್ದು ಕೇಳಿದರೆ ನನ್ನ ತೊಡೆಗಳು ತಾವಾಗಿ ಬಿಗಿಯುತ್ತಿದ್ದವು. ನಾನು ಅದೇ ಹೊತ್ತಿಗೆ ನಾಳೆಯ ಪಲ್ಯಗಳನ್ನು ಒಂದೊಂದಾಗಿ ನೆನೆಯಲು ಶುರು ಮಾಡುತ್ತಿದ್ದೆ. ಮೂಲಂಗಿ, ಪಾಲಕ್, ಬೀನ್ಸ್ ಮೊಳಕೆ. ಬೀನ್ಸ್ ಮೊಳಕೆಯ ಹೊತ್ತಿಗೆ ಸಾಮಾನ್ಯವಾಗಿ ಮುಗಿಯುತ್ತಿತ್ತು.

ಪಕ್ಕದ ಮನೆಗೆ ಕೇಳುತ್ತಿದ್ದ ಸದ್ದಿನ ಬಗ್ಗೆ ಬರೆದಿದ್ದೀರಿ. ಅದನ್ನು ನಿಮ್ಮ ಅತ್ತಿಗೆಯೇ ನನಗೆ ಕಲಿಸಿದ್ದು. ಮದುವೆಯಾದ ವರ್ಷ ಬಾವಿಯ ಹತ್ತಿರ ನನ್ನ ನಡಿಗೆ ನೋಡಿ, "ಸ್ವಲ್ಪ ಸದ್ದು ಮಾಡು ಹುಡುಗಿ, ಬೇಗ ಮುಗೀತದೆ" ಅಂದರು. ಪಾಪ, ಅವರಿಗೂ ಯಾರೋ ಕಲಿಸಿರಬೇಕು. ನಾನು ಮಾಡಿದೆ. ಬೇಗ ಮುಗಿಯಿತು. ಅದಕ್ಕೇ ಪ್ರತಿ ಸಲ ಮಾಡಿದೆ. ಮೋಸ ಮಾಡಬೇಕೆಂದಲ್ಲ. ನಿಮ್ಮ ಮುಖದಲ್ಲಿ ಸಂತೋಷ ಬರುತ್ತಿತ್ತು, ಅದನ್ನು ಕೆಡಿಸಲು ಆಮೇಲೆ ಧೈರ್ಯ ಬರಲಿಲ್ಲ.

ಅಂಗಡಿಯಲ್ಲಿ ನೀವು "ನನ್ನ ಹೆಂಡ್ತೀನೇ ಕೇಳಿ" ಅನ್ನುವಾಗ ನಾನು ಕಿಂಡಿಯಲ್ಲಿ ಸೌಟು ಹಿಡಿದು ನಗುತ್ತಿದ್ದೆ. ಗಿರಾಕಿಗಳು, "ನಿಜಾನಾ ಅತ್ತೆ?" ಅನ್ನುತ್ತಿದ್ದರು, ಉತ್ತರಕ್ಕೆ ಕಾಯದೆ ಬಟ್ಟಲು ಎತ್ತುತ್ತಿದ್ದರು. ಇಷ್ಟು ವರ್ಷದಲ್ಲಿ ನೀವೂ ಒಂದು ಸಲ ಕೇಳಲಿಲ್ಲ.

ಚಳಿಗಾಲದಲ್ಲಿ ನೀವು ಗೋಡೆಗೆ ತಿರುಗಿ ಮಲಗಿದ ಎರಡು ದಿನ ನಾನು ಚೆನ್ನಾಗಿ ನಿದ್ದೆ ಮಾಡಿದೆ. ಹೊದಿಕೆ ಹೊದಿಸಿದ್ದು ದೊಡ್ಡತನವಲ್ಲ, ಕೃತಜ್ಞತೆ. ನೀವು ಆ ಕಾಗದದಲ್ಲಿ ಆಮೆಯ ಸಾರು, ಹಾವುಮೀನಿನ ತಲೆ ಎಂದು ಬರೆದಾಗ ಕುಮ್ಹಿಯ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ನನಗೆ ನೋವು ಅಂದರೆ ನೀವು ಇನ್ನಷ್ಟು ಬಲ ಬರಿಸಿಕೊಳ್ಳುತ್ತಿದ್ದೀರಿ.

ನೀವು ಕೆಟ್ಟವರಲ್ಲ. ಅದೇ ಕಷ್ಟ. ಹೊಡೆಯುವ ಗಂಡನಾಗಿದ್ದರೆ ಬೈದು ಬರೆದು ಹಗುರಾಗುತ್ತಿದ್ದೆ.

ಕುಮ್ಹಿಗೆ ಉತ್ತರ ಹೇಳಿದ್ದೇನೆ. "ಎಲ್ರಿಗೂ ಹೀಗಲ್ಲ. ನಿನಗೂ ಹೀಗಿರಬೇಕಾಗಿಲ್ಲ" ಅಂದೆ. "ನಿನಗೆ?" ಅಂದಳು. ಮೂವತ್ತೊಂದು ಅಂದೆ. ಅವಳು ಮಗುವನ್ನು ನೆಲದ ಮೇಲೆ ಮಲಗಿಸಿ ನನ್ನ ಕಾಲು ಹಿಡಿದುಕೊಂಡಳು. ಅಳಿಯನಿಗೆ ಅವಳೇ ಹೇಳಿದಳು. ಅವನು ಪಕ್ಕದ ಕೋಣೆಯಲ್ಲಿ ಮಲಗುತ್ತಿದ್ದಾನೆ, ಮುಖ ಊದಿಸಿಕೊಂಡಿಲ್ಲ.

ಬುನ್ರೆ


ಗೋಚಾಂಗ್
ಆಗಸ್ಟ್ 9, 1988

ಬುನ್ರೆಗೆ,

ನಿನ್ನ ಕಾಗದ ಬಂದು ಎರಡು ತಿಂಗಳ ಮೇಲಾಯಿತು.

ಮೊದಲು ಸಿಟ್ಟು ಬಂತು. ನಿನ್ನ ಕಾಗದ ಹಿಡಿದು ಅಣ್ಣನ ಮನೆಗೆ ಹೋದೆ. ಅಣ್ಣ ಸತ್ತು ಹದಿಮೂರು ವರ್ಷ, ಅತ್ತಿಗೆಯೊಬ್ಬಳೇ ಬೆಳ್ಳುಳ್ಳಿ ಬಿಡಿಸುತ್ತಿದ್ದಳು. "ಅತ್ತಿಗೆ, ಬಾವಿಯ ಹತ್ರ ಬುನ್ರೆಗೆ ನೀನೇನು ಕಲಿಸಿದೆ?" ಅಂದೆ. "ಈಗ ಗೊತ್ತಾಯ್ತಾ ನಿನಗೆ?" ಅಂದಳು. "ನಿಮ್ಮಣ್ಣ ಗೊತ್ತಾಗ್ದೇನೇ ಹೋದ. ಪುಣ್ಯವಂತ." ಮತ್ತೆ ಬೆಳ್ಳುಳ್ಳಿ ಬಿಡಿಸತೊಡಗಿದಳು. ನಾನೂ ಕೂತು ಒಂದಷ್ಟು ಬಿಡಿಸಿಕೊಟ್ಟು ಬಂದೆ.

ಜುಲೈಯಲ್ಲಿ ಆ ಬ್ಯಾಂಕಿನ ಹುಡುಗ ಮತ್ತೆ ಬಂದಿದ್ದ. ಹೊಸಬರನ್ನು ಕರೆತಂದಿದ್ದ. "ಇವರೇ ನೋಡ್ರೋ ನಾನು ಹೇಳಿದ ಮಾಮ! ಮಾಮ, ಇನ್ನೂ ಗಟ್ಟಿನಾ?" ಅಂದ. ಎಲ್ಲರೂ ನನ್ನ ಬಾಯಿ ನೋಡಿದರು. ನನ್ನ ಕೈ ತಾನಾಗಿ ಕಿಂಡಿಯ ಕಡೆ ಎದ್ದಿತು. ಅರ್ಧಕ್ಕೆ ನಿಂತಿತು. ಕೆಂಡ ಕೆದಕುವ ಹಾಗೆ ನಟಿಸಿದೆ. "ಮಾಮನಿಗೆ ಇವತ್ತು ಹುಷಾರಿಲ್ಲ" ಅಂದ ಆಳು ಹೆಂಗಸಿಗೆ ಒಳಗಿಂದೊಳಗೆ ಕೈ ಮುಗಿದೆ.

ಆ ಹುಡುಗನನ್ನು ಹೋಗುವಾಗ ಬಾಗಿಲಲ್ಲಿ ತಡೆದೆ. "ನಿನ್ನ ಹೆಂಡ್ತಿಗೆ ನೋವಾಗ್ತದಾ? ಕೇಳಿದ್ದೀಯಾ?" ಅಂದೆ. ಅವನ ಮುಖ ಕೆಂಪಾಯಿತು. ನಗಲೋ ಬೇಡವೋ ತಿಳಿಯದೆ ಷೂ ಹಾಕಿಕೊಂಡ. ಈಗ ಆ ಕಡೆಯಿಂದ ಗಿರಾಕಿಗಳು ಬರುವುದು ನಿಂತಿದೆ.

ಒಂದು ಮಾತು ತಿಳಿದುಕೊ, ತಪ್ಪು ಮುಚ್ಚಿಕೊಳ್ಳುವುದಕ್ಕಲ್ಲ. ಕುಮ್ಹಿಯಾದ ಮೇಲೆ ನಮಗೆ ಇನ್ನೊಂದು ಮಗುವಾಗಲಿಲ್ಲ. ಗಂಡುಮಗ ಇಲ್ಲದವನು ಎಂದು ಹಬ್ಬದ ದಿನ ಪೂರ್ವಜರ ಪೂಜೆಯಲ್ಲಿ ನೆಂಟರು ನನ್ನನ್ನು ಹಿಂದಿನ ಸಾಲಿಗೆ ತಳ್ಳಿದರು. ಅವತ್ತೇ ನಾನು ಬಡಾಯಿ ಶುರು ಮಾಡಿದ್ದು. ಜನ ನಕ್ಕರು, ಮುಂದಿನ ಸಾಲಿನವರೂ ನಕ್ಕರು. ಹಾಗೆ ನಾನು ದೊಡ್ಡವನಾದೆ. ಎಲ್ಲ ನಿನ್ನ ಹೆಸರಿನ ಮೇಲೆ ನಿಂತಿತ್ತು, ನಿನ್ನ ನೋವಿನ ಮೇಲೆ ಎಂದು ನನಗೆ ತಿಳಿಯಲಿಲ್ಲ.

ಉಗ್ರಾಣದ ಕೋಣೆ ಖಾಲಿ ಮಾಡಿ ನೆಲದಡಿಗೆ ಒಲೆಯ ಬಿಸಿಗಾಳಿ ಹರಿಯುವ ಕಾಲುವೆ ಎಳೆಸಿದ್ದೇನೆ. ನೆಲ ಬೆಚ್ಚಗಾಗುತ್ತದೆ. ಬಾಗಿಲಿಗೆ ಒಳಗಿನಿಂದ ಚಿಲಕ. ಹೊರಗಿನಿಂದ ತೆರೆಯಲು ಬರುವುದಿಲ್ಲ, ನಾನೇ ಪ್ರಯತ್ನಿಸಿ ನೋಡಿದೆ. ಬಂದರೆ ಅದು ನಿನ್ನದು.

ಒಂದೇ ಒಂದು ಕೇಳುತ್ತೇನೆ. ಇಷ್ಟು ವರ್ಷದಲ್ಲಿ ಒಂದು ಸಲವಾದರೂ ನಿನಗೆ ನಾನು ಬೇಕು ಅನ್ನಿಸಿತ್ತೇ? ನನ್ನನ್ನು ಸಮಾಧಾನ ಮಾಡಲು ಬರೆಯಬೇಡ. ಇಲ್ಲದಿದ್ದರೆ ಖಾಲಿ ಹಾಳೆ ಮಡಚಿ ಕಳಿಸು, ಅರ್ಥ ಮಾಡಿಕೊಳ್ಳುತ್ತೇನೆ.

ಪಾನ್‌ಸೊಕ್


ಸಿಯೋಲ್
ಸೆಪ್ಟೆಂಬರ್ 2, 1988

ಕುಮ್ಹಿಯ ಅಪ್ಪನಿಗೆ,

ಖಾಲಿ ಹಾಳೆ ಕಳಿಸಿದರೆ ಸುಳ್ಳಾಗುತ್ತದೆ. ಒಂದು ಸಲ ಇತ್ತು.

ಕುಮ್ಹಿಗೆ ನಾಲ್ಕು ವರ್ಷವಿದ್ದಾಗ ನೀವು ಉಪ್ಪಿನ ಗುಡಿಸಲಿನಲ್ಲಿ ಕೆಲಸ ಮಾಡುತ್ತಿದ್ದಿರಿ. ಉಪ್ಪುನೀರು ಕುದಿಯುವ ಕಡಾಯಿ ಮಗುಚಿ ಎರಡೂ ಕೈ ಸುಟ್ಟುಕೊಂಡಿರಿ. ಮೊಣಕೈಯವರೆಗೆ ಬಟ್ಟೆ ಸುತ್ತಿತ್ತು. ಹತ್ತು ದಿನ ನಾನೇ ತಿನ್ನಿಸಿದೆ, ಮುಖ ತೊಳೆಸಿದೆ.

ಒಂದು ಮಧ್ಯಾಹ್ನ ಕುಮ್ಹಿ ಅತ್ತಿಗೆಯ ಮನೆಯಲ್ಲಿದ್ದಳು. ಬಾಗಿಲು ತೆರೆದಿತ್ತು, ಬಿಸಿಲು ನೆಲದ ಅರ್ಧಕ್ಕೆ ಬಂದಿತ್ತು. ನೀವು ನೋವಿಗೆ ಅತ್ತಿರಿ. ಆಮೇಲೆ ನನ್ನ ಕುತ್ತಿಗೆಗೆ ಮುಖವಿಟ್ಟು, ಯುದ್ಧದ ವರ್ಷ ನಿಮ್ಮ ಅಮ್ಮ ನಿಮ್ಮನ್ನು ಬತ್ತದ ಹುಲ್ಲಿನೊಳಗೆ ಬಚ್ಚಿಟ್ಟದ್ದನ್ನು ಹೇಳಿದಿರಿ. ಕೈಗಳನ್ನು ತಾಗದ ಹಾಗೆ ದೂರ ಚಾಚಿಕೊಂಡಿದ್ದಿರಿ. ನಿಮ್ಮ ಉಸಿರು ಬೆಚ್ಚಗಿತ್ತು. ಅವಸರವಿರಲಿಲ್ಲ. ಏನೂ ಆಗುವುದಿಲ್ಲ ಎಂದು ನನ್ನ ಮೈಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ ಇರಬೇಕು, ಅದು ಬಿಚ್ಚಿಕೊಂಡಿತು. ಡಾಕ್ಟರಮ್ಮ ಹೇಳಿದ ನೀರೂರುವುದು ಅಂದರೆ ಏನೆಂದು ಅವತ್ತಿನಿಂದಾಗಿ ನನಗೆ ಅರ್ಥವಾಯಿತು. ಆಗ ಹೆಸರು ಗೊತ್ತಿರಲಿಲ್ಲ, ಜ್ವರ ಬರುತ್ತಿದೆಯೇನೋ ಅಂದುಕೊಂಡೆ. ನೀವು ಇನ್ನೂ ಸ್ವಲ್ಪ ಹೊತ್ತು ಹಾಗೇ ಇರಲಿ ಎಂದು ಅಲುಗಾಡದೆ ಮಲಗಿದ್ದೆ.

ನೀವು ತಲೆಯೆತ್ತಿ, "ಕೈ ವಾಸಿಯಾಗ್ಲಿ, ಆಮೇಲೆ ನೋಡು" ಅಂದು ನಕ್ಕಿರಿ.

ವಾಸಿಯಾಯಿತು. ನೀವು ಮೊದಲಿನ ಹಾಗೇ ಬಂದಿರಿ. ಪಾಪದ ಮಾತು ಬರೆಯುತ್ತಿದ್ದೇನೆ, ಕ್ಷಮಿಸಿ. ಆ ಕೈಗಳು ಇನ್ನೂ ಹತ್ತು ದಿನ ವಾಸಿಯಾಗದಿರಲಿ ಎಂದು ನಾನು ಬೇಡಿಕೊಂಡಿದ್ದೆ. ಇನ್ನು ಹತ್ತು ದಿನ ಸಿಕ್ಕಿದ್ದರೆ ನಾನೇ ನಿಮ್ಮನ್ನು ಕರೆಯುತ್ತಿದ್ದೆನೇನೋ.

ನಾನು ಬರುವುದಿಲ್ಲ. ಚಿಲಕದ ಮೇಲೆ ಅಪನಂಬಿಕೆಯಲ್ಲ. ನೀವು ಬಾಗಿಲ ಹೊರಗೆ ಕೈ ತೊಳೆದರೂ ನನ್ನ ಮೈ ಬಿಗಿಯುತ್ತದೆ, ಅದಕ್ಕೆ ಕಿವಿಯಿದೆ, ಚಿಲಕ ಕಾಣುವುದಿಲ್ಲ. ಇಲ್ಲಿ ಮಾರುಕಟ್ಟೆಯ ಪಲ್ಯದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದೇನೆ. ನನ್ನ ಚಳಿಗಾಲದ ಬಟ್ಟೆಗಳನ್ನು ಮಾತ್ರ ಕಳಿಸಿ.

ಹೊಟ್ಟೆ ನೋಡಿಕೊಳ್ಳಿ.

ಬುನ್ರೆ


ಗೋಚಾಂಗ್
ಸೆಪ್ಟೆಂಬರ್ 14, 1988

ಬುನ್ರೆಗೆ,

ಬಟ್ಟೆಗಳನ್ನು ಬಸ್ಸಿಗೆ ಹಾಕಿದ್ದೇನೆ. ಬಾ ಎಂದು ಇನ್ನು ಬರೆಯುವುದಿಲ್ಲ.

ಆ ಹತ್ತು ದಿನ ನನಗೂ ನೆನಪಿದೆ. ಅಂಗಡಿಯಲ್ಲಿ ನಾನು ಹೇಳದ ಕಥೆಯಿಲ್ಲ, ನಡೆದದ್ದನ್ನೂ ಹೇಳಿದ್ದೇನೆ, ನಡೆಯದ್ದನ್ನೂ ಹೇಳಿದ್ದೇನೆ. ಇದೊಂದನ್ನು ಮಾತ್ರ ಯಾರ ಮುಂದೆಯೂ ಹೇಳಿಲ್ಲ. ಗಂಡಸಾಗಿ ಹೆಂಡತಿಯ ಕೈತುತ್ತು ತಿಂದೆ, ಅವಳ ಕುತ್ತಿಗೆ ನೆನೆಯುವ ಹಾಗೆ ಅತ್ತೆ, ಕೈಲಾಗದವನಂತೆ ಬಿದ್ದುಕೊಂಡಿದ್ದೆ ಎಂದು ನಾಚಿಕೆ. ನೀನು ಅಲುಗಾಡದೆ ಮಲಗಿದ್ದನ್ನು ನೋಡಿ, ನನ್ನ ಮೇಲೆ ಹೇಸಿಗೆ ಬಂದಿದೆ ಅಂದುಕೊಂಡೆ.

ಅದಕ್ಕೆ ಮರುದಿನ ಉಪ್ಪಿನ ಗುಡಿಸಲಿನ ಮುದುಕನ ಹತ್ತಿರ ಹೋಗಿ, ಬೇಟೆಯವನಿಂದ ಕಾಡುಪ್ರಾಣಿಯ ಕೊಬ್ಬು ತರಿಸಿ, ದಿನಕ್ಕೆ ಮೂರು ಸಲ ಬಟ್ಟೆ ಬಿಚ್ಚಿಸಿ ಹಚ್ಚಿಸಿಕೊಂಡೆ. ಚರ್ಮ ಸುಲಿದು ಬರುತ್ತಿತ್ತು, ಬಾಯಲ್ಲಿ ಹಗ್ಗ ಕಚ್ಚಿಕೊಂಡು ಕೂರುತ್ತಿದ್ದೆ. "ತಿಂಗಳು ಬೇಕು ಕಣಯ್ಯ, ಸುಮ್ನೆ ಬಿದ್ಕೋ ಮನೇಲಿ" ಅಂದ ಮುದುಕ. ನಾನು ಕೇಳಲಿಲ್ಲ. ಒಂದು ತಿಂಗಳು ಹಿಡಿಯಬೇಕಾದ ಗಾಯವನ್ನು ಹತ್ತೇ ದಿನಕ್ಕೆ ವಾಸಿ ಮಾಡಿಕೊಂಡೆ.

ನಿನಗೆ ಗೊತ್ತಾಗದ ಹಾಗೆ, ನಾನೇ ಅವಸರ ಮಾಡಿದೆ.

ಪಾನ್‌ಸೊಕ್